ತೊಟ್ಟಿಲು, ಊಟದ ಮೇಜು ಮತ್ತು ಎಲಿಜಬೆತ್ ಗ್ಯಾಸ್ಕೆಲ್

ಕಳೆದ ವರ್ಷ ನಮ್ಮ ಮಹಿಳಾ ವೇದಿಕೆಯ ಕಥಾವಾಚನದ ದಿನ ನಿಮ್ಮಲ್ಲಿ ಹಲವರು ಇದ್ದಿರಿ. ನಾಲ್ಕು ತಿಂಗಳ ಕೂಸನ್ನು ಹೆಗಲಿಗೆ ಹಾಕಿಕೊಂಡು ಬಂದಿದ್ದ ಕಿರಿಯ ಸದಸ್ಯೆಯೊಬ್ಬಳು ತನ್ನ ಕತೆಯನ್ನು ಅರ್ಧ ಓದುವಷ್ಟರಲ್ಲಿ ಮಗು ಅಳತೊಡಗಿತು. ಅವಳು ಹಾಳೆಗಳನ್ನು ಮಡಚಿ ಬ್ಯಾಗಿಗೆ ಹಾಕಿಕೊಂಡಳು. ಚಹಾದ ಹೊತ್ತಿನಲ್ಲಿ, ಇನ್ನು ಮುಂದೆ ಬರೆಯುವುದು ಆದೀತೇ ಅಕ್ಕಾ ಎಂದು ಕೇಳಿದಳು. ಮಗು ದೊಡ್ಡದಾಗಲಿ, ಬರವಣಿಗೆ ಎಲ್ಲಿಗೆ ಓಡಿಹೋಗುತ್ತದೆ ಎಂದು ನಾವು ಹಿರಿಯರೆಲ್ಲ ಒಂದೇ ಬಾಯಲ್ಲಿ ಹೇಳಿದೆವು. ನಾನೂ ಹೇಳಿದೆ. ಆದರೆ ಮಾಟುಂಗಾದಿಂದ ಡೊಂಬಿವಲಿಗೆ ಲೋಕಲ್ ಟ್ರೈನಿನಲ್ಲಿ ಹೋಗುವಾಗ ಆ ಮಾತು ನನ್ನನ್ನೇ ಚುಚ್ಚತೊಡಗಿತು. ಮೂವತ್ತು ವರ್ಷಗಳ ಹಿಂದೆ ನನಗೂ ಹಾಗೆಯೇ ಹೇಳಿದ್ದರು. ಆಗ ಕಪಾಟಿನ ಮೇಲೆ ಎತ್ತಿಟ್ಟ ನೋಟ್‌ಬುಕ್ಕನ್ನು ನಾನು ಮತ್ತೆ ಕೆಳಗಿಳಿಸಿದ್ದು ಮಗ ಇಂಜಿನಿಯರಿಂಗ್ ಸೇರಿದ ಮೇಲೆ.

ಎಂ.ಎ. ಓದುವಾಗ ನಮಗೆ ಪಾಠವಾಗಿದ್ದ ಇಂಗ್ಲಿಷ್ ಕಾದಂಬರಿಗಾರ್ತಿ ಎಲಿಜಬೆತ್ ಗ್ಯಾಸ್ಕೆಲ್ ಅಂದು ನೆನಪಾದರು. ಅವರಿಗೂ ಒಬ್ಬ ಎಳೆ ಬಾಣಂತಿ ಇದೇ ಪ್ರಶ್ನೆ ಕೇಳಿದ್ದಳು. ತಾನು ಬರೆದ ಕತೆಯ ಹಸ್ತಪ್ರತಿಯನ್ನು ಕಳಿಸಿ, ಇದು ಅಚ್ಚಾಗಬಹುದೇ ನೋಡಿ ಎಂದು ಬೇಡಿಕೊಂಡಿದ್ದಳು. 1862ರ ಸೆಪ್ಟೆಂಬರಿನಲ್ಲಿ ಗ್ಯಾಸ್ಕೆಲ್ ಬರೆದ ಉತ್ತರ ಉಳಿದಿದೆ, ಅವಳ ಹೆಸರು ಉಳಿದಿಲ್ಲ. ಉತ್ತರದ ಸಾರ ನಾವು ಹೇಳಿದ್ದೇ! ಮಕ್ಕಳು ಚಿಕ್ಕವರಿರುವಾಗ ತನಗೆ ಕತೆ ಬರೆಯಲು ಆಗುತ್ತಿರಲಿಲ್ಲವೇನೋ, ಕಲ್ಪನೆಯ ಜನರಲ್ಲಿ ಮುಳುಗಿ ಮನೆಯ ನಿಜವಾದ ಜನರನ್ನು ಮರೆತುಬಿಡುತ್ತಿದ್ದೆನೇನೋ. ಸಂಸಾರ ಮಾಡಿ, ಸುಖದುಃಖ ಕಂಡು, ನಲವತ್ತರ ಹೊತ್ತಿಗೆ ಬರೆದರೆ ಬರಹಕ್ಕೆ ಹೆಚ್ಚು ಕಸುವು ಬರುತ್ತದೆ ಎಂದು. ಅದರ ಜೊತೆಗೇ ಮನೆಗೆಲಸದ ಉಪಾಯಗಳೂ ಇವೆ. ಬಟ್ಟೆಗೆ ಸೋಪು ಹಚ್ಚಿ ಕೆಲವು ಗಂಟೆ ಮೊದಲೇ ನೆನೆಹಾಕು, ಮಧ್ಯಾಹ್ನದ ಅಡುಗೆಯನ್ನು ಬೆಳಿಗ್ಗೆಯೇ ಸಣ್ಣ ಉರಿಯಲ್ಲಿಡು, ನಿತ್ರಾಣವಾಗಿದ್ದರೆ ಬೆಳಿಗ್ಗೆ ಎದ್ದ ಕೂಡಲೇ ಹಾಪ್ಸ್ ಹೂವಿನ ಕಷಾಯ ಒಂದು ಬಟ್ಟಲು ಕುಡಿ. ನಮ್ಮ ಅಜ್ಜಿಯಂದಿರ ಕಾಗದ ಓದಿದ ಹಾಗಾಗುತ್ತದೆ.

ಪತ್ರ ಬರೆದಾಗ ಗ್ಯಾಸ್ಕೆಲ್‌ಗೆ ಇನ್ನು ನಾಲ್ಕು ದಿನದಲ್ಲಿ ಐವತ್ತೆರಡು ತುಂಬುವುದಿತ್ತು, ದೊಡ್ಡ ಹೆಸರಾಗಿತ್ತು. ಆದರೆ ಅವರ ಬದುಕಿನ ಲೆಕ್ಕ ತೆಗೆದು ನೋಡಿದರೆ ಪತ್ರದ ಮಾತಿಗೂ ಅವರು ನಡೆದ ದಾರಿಗೂ ತಾಳೆಯಾಗುವುದಿಲ್ಲ. ಆ ಲೆಕ್ಕವನ್ನು ನಮ್ಮ ಕಿರಿಯ ಗೆಳತಿಯ ಮುಂದಿಡೋಣ ಎಂದೇ ಈ ಲೇಖನ.

ಎಲಿಜಬೆತ್ ಹುಟ್ಟಿದ್ದು 1810ರ ಸೆಪ್ಟೆಂಬರ್ 29ರಂದು, ಲಂಡನ್ನಿನ ಚೆಲ್ಸಿಯಲ್ಲಿ. ತಾಯಿ ಎಂಟು ಮಕ್ಕಳನ್ನು ಹೆತ್ತಿದ್ದರು; ಬದುಕಿದ್ದು ಮೊದಲನೆಯ ಮಗ ಜಾನ್ ಮತ್ತು ಕೊನೆಯವಳಾದ ಎಲಿಜಬೆತ್ ಇಬ್ಬರೇ. ಮಗುವಿಗೆ ಹದಿಮೂರು ತಿಂಗಳಾದಾಗ ತಾಯಿ ತೀರಿಕೊಂಡರು. ಚೆಷರ್ ಪ್ರಾಂತದ ನಟ್ಸ್‌ಫೋರ್ಡ್ ಎಂಬ ಸಣ್ಣ ಊರಿನಲ್ಲಿದ್ದ ದೊಡ್ಡಮ್ಮ ಹ್ಯಾನಾ ಲಂಬ್ ಮಗುವನ್ನು ತಂದು ಸಾಕಿದರು. ತಂದೆ ಲಂಡನ್ನಿನಲ್ಲಿ ಮರುಮದುವೆಯಾದರು. ಅಣ್ಣ ಜಾನ್ ಹಡಗಿನ ನೌಕರಿಗೆ ಸೇರಿದ. ತಂಗಿಗೆ ಪುಸ್ತಕ ಕಳಿಸುತ್ತಿದ್ದ, ದಿನಚರಿ ಬರೆ ಎಂದು ಹುರಿದುಂಬಿಸುತ್ತಿದ್ದ. ಸುಮಾರು 1828ರಲ್ಲಿ, ನಮ್ಮ ಭಾರತದ ಕಡೆಗೆ ಹೊರಟ ಪ್ರಯಾಣದಲ್ಲೇ ಅವನ ಸುಳಿವು ಕಳೆದುಹೋಯಿತು. ಎಷ್ಟೋ ವರ್ಷಗಳ ನಂತರ ಬರೆದ ‘ಕ್ರ್ಯಾನ್‌ಫರ್ಡ್’ ಕಾದಂಬರಿಯಲ್ಲಿ ಕಳೆದುಹೋದ ತಮ್ಮ ಪೀಟರ್ ಭಾರತದಿಂದ ಅಕ್ಕನ ಮನೆಗೆ ಹಿಂತಿರುಗಿ ಬರುತ್ತಾನೆ. ನಿಜವಾದ ಜಾನ್ ಬರಲೇ ಇಲ್ಲ.

1832ರಲ್ಲಿ ವಿಲಿಯಂ ಗ್ಯಾಸ್ಕೆಲ್ ಜೊತೆ ಮದುವೆಯಾಯಿತು. ವಿಲಿಯಂ ಮ್ಯಾಂಚೆಸ್ಟರಿನ ಕ್ರಾಸ್ ಸ್ಟ್ರೀಟ್ ಪ್ರಾರ್ಥನಾ ಮಂದಿರದಲ್ಲಿ ಯೂನಿಟೇರಿಯನ್ ಪಂಥದ ಪಾದ್ರಿ. ಹಸಿರು ಹೊಲಗಳ ಊರಿನಿಂದ ಎಲಿಜಬೆತ್ ಬಂದು ಸೇರಿದ್ದು ಹತ್ತಿ ಗಿರಣಿಗಳ ಹೊಗೆಯ ನಗರಕ್ಕೆ. ಘಟ್ಟದ ಸೀಮೆಯಿಂದ ಮದುವೆಯಾಗಿ ಲಾಲ್‌ಬಾಗ್, ಪರೇಲ್ ಕಡೆಯ ಚಾಳುಗಳಿಗೆ ಬಂದಿಳಿದ ನಮ್ಮ ಹಿಂದಿನ ತಲೆಮಾರಿನ ಹೆಂಗಸರಿಗೆ ಇದನ್ನು ವಿವರಿಸಿ ಹೇಳಬೇಕಿಲ್ಲ.

ಮದುವೆಯ ಮರುವರ್ಷ ಚೊಚ್ಚಲ ಹೆರಿಗೆ. ಹೆಣ್ಣುಮಗು ಸತ್ತೇ ಹುಟ್ಟಿತು. ಮೂರು ವರ್ಷದ ಬಳಿಕ, 1836ರಲ್ಲಿ, ಆ ಮಗುವಿನ ಸಮಾಧಿಗೆ ಹೋಗಿ ಬಂದು ಎಲಿಜಬೆತ್ ಒಂದು ಸುನೀತ ಬರೆದರು. ಆಗ ಮನೆಯಲ್ಲಿ ಓಡಾಡುವ ಇನ್ನೊಂದು ಮಗುವಿತ್ತು, ಹೊಟ್ಟೆಯಲ್ಲಿ ಮತ್ತೊಂದು. ಹುಟ್ಟಿದ ಮಕ್ಕಳು ಕಳೆದುಹೋದ ಮಗುವಿನ ಜಾಗವನ್ನು ತುಂಬುವುದಿಲ್ಲ ಎನ್ನುವುದು ಆ ನೋವು ಉಂಡವರಿಗೆ ಗೊತ್ತು.

ಓಡಾಡುತ್ತಿದ್ದವಳು ಮೇರಿಯಾನ್, 1834ರ ಸೆಪ್ಟೆಂಬರಿನಲ್ಲಿ ಹುಟ್ಟಿದವಳು. ಅವಳಿಗೆ ಆರು ತಿಂಗಳಾದಾಗ, 1835ರ ಮಾರ್ಚಿನಲ್ಲಿ, ಎಲಿಜಬೆತ್ ಒಂದು ದಿನಚರಿ ಶುರುಮಾಡಿದರು. ನನ್ನ ಮಟ್ಟಿಗೆ ಗ್ಯಾಸ್ಕೆಲ್ ಎಂಬ ಲೇಖಕಿ ಹುಟ್ಟಿದ್ದು ಅಲ್ಲಿ, ಕಾದಂಬರಿಗಳಿಗಿಂತ ಹದಿಮೂರು ವರ್ಷ ಮೊದಲು. ಅದು ಮಗಳಿಗಾಗಿ ಬರೆದದ್ದು. ತಾನು ಅಕಸ್ಮಾತ್ ಬದುಕಿರದಿದ್ದರೆ ಮಗಳು ದೊಡ್ಡವಳಾದ ಮೇಲೆ ಓದಿ, ತನ್ನ ಮೇಲೆ ಅಮ್ಮನಿಗೆ ಎಷ್ಟು ಪ್ರೀತಿಯಿತ್ತು ಎಂದು ತಿಳಿಯಲಿ ಎಂಬ ಉದ್ದೇಶ. ತಾಯಿಯ ಮುಖವನ್ನೇ ನೆನಪಿಟ್ಟುಕೊಳ್ಳಲಾಗದ ಹೆಣ್ಣು ತಾಯಿಯಾದಾಗ ಮೊದಲು ಹೊಳೆಯುವುದು ಅದೇ ಅಲ್ಲವೇ?

ಆ ದಿನಚರಿಯಲ್ಲಿ ಇರುವುದೆಲ್ಲ ನಮ್ಮ ಮನೆಗಳದ್ದೇ ಸಂಗತಿ. ಮಗು ಅತ್ತರೆ ತಕ್ಷಣ ಎತ್ತಿಕೊಳ್ಳಬೇಕೇ, ಸ್ವಲ್ಪ ಹೊತ್ತು ಬಿಡಬೇಕೇ? ಮಕ್ಕಳನ್ನು ಬೆಳೆಸುವ ಪುಸ್ತಕಗಳು ಒಂದೊಂದೂ ಒಂದೊಂದು ಹೇಳುತ್ತವೆ, ಯಾವುದನ್ನು ನಂಬುವುದು? ಮಗುವಿಗೆ ಗಂಟಲು ಕಟ್ಟಿ ಉಸಿರಾಡಲು ಕಷ್ಟವಾದ ರಾತ್ರಿಯ ಭಯವಿದೆ. ಈ ಮಗುವನ್ನೇ ದೇವರೆಂದು ಪೂಜಿಸಿಬಿಡುತ್ತೇನೋ, ಹಾಗಾದರೆ ದೇವರು ಕಿತ್ತುಕೊಂಡಾನೋ ಎಂಬ ಅಳುಕಿದೆ. ಪ್ರತಿದಿನ ಬರೆದದ್ದಲ್ಲ, ಕೆಲವೊಮ್ಮೆ ತಿಂಗಳುಗಟ್ಟಲೆ ಖಾಲಿ. ಹೀಗೆ ನಿಲ್ಲಿಸಿ, ಮತ್ತೆ ಹಿಡಿದು, 1838ರವರೆಗೆ ನಡೆಯಿತು. ಒಂದು ಜೀವವನ್ನು ಗಮನವಿಟ್ಟು ನೋಡಿ, ಅದರ ಮನಸ್ಸಿನಲ್ಲಿ ಏನಾಗುತ್ತಿದೆ ಎಂದು ಊಹಿಸಿ, ಅದನ್ನು ಸರಳವಾಗಿ ಬರೆಯುವುದನ್ನು ಅವರು ಅಲ್ಲೇ ಕಲಿತರು ಎನಿಸುತ್ತದೆ.

1837ರ ಜನವರಿಯಲ್ಲಿ ಮ್ಯಾಂಚೆಸ್ಟರಿನ ಬಡವರ ಬಗ್ಗೆ ಗಂಡಹೆಂಡತಿ ಕೂಡಿ ಬರೆದ ಒಂದು ಕವನ ‘ಬ್ಲ್ಯಾಕ್‌ವುಡ್ಸ್’ ಪತ್ರಿಕೆಯಲ್ಲಿ ಬಂತು. ಮರು ತಿಂಗಳೇ ಎರಡನೆಯ ಮಗಳು ಮೀಟಾ ಹುಟ್ಟಿದಳು. 1840ರಲ್ಲಿ ಶಾಲಾದಿನಗಳಲ್ಲಿ ಕಂಡ ಒಂದು ಹಳೆಯ ಬಂಗಲೆಯ ಬಗ್ಗೆ ಬರೆದದ್ದು ಬೇರೊಬ್ಬ ಲೇಖಕರ ಪುಸ್ತಕದಲ್ಲಿ ಸೇರಿತು. 1842ರಲ್ಲಿ ಫ್ಲಾರೆನ್ಸ್. 1844ರ ಅಕ್ಟೋಬರಿನಲ್ಲಿ ಗಂಡುಮಗು ವಿಲ್ಲಿ.

1845ರ ಬೇಸಿಗೆಯಲ್ಲಿ ಸಂಸಾರ ವೇಲ್ಸ್‌ಗೆ ಪ್ರವಾಸ ಹೋಯಿತು. ಅಲ್ಲಿ ಮೇರಿಯಾನ್‌ಗೆ ಕೆಂಪುಜ್ವರ ಬಂತು. ಅವಳು ಚೇತರಿಸಿಕೊಂಡಳು, ವಿಲ್ಲಿಗೆ ಅಂಟಿತು. ಆಗಸ್ಟ್ 10ರಂದು ಮಗು ಹೋಯಿತು. ಹತ್ತು ತಿಂಗಳು ತುಂಬಿರಲಿಲ್ಲ.

ಎಲಿಜಬೆತ್ ಹಾಸಿಗೆ ಹಿಡಿದವರಂತಾದರು. ಒಂದು ದೊಡ್ಡ ಕತೆ ಬರೆಯಲು ತೊಡಗು, ಮನಸ್ಸು ಅತ್ತ ತಿರುಗಲಿ ಎಂದು ವಿಲಿಯಂ ಸೂಚಿಸಿದರು. ಆ ಕಾಲದ ಗಂಡಸು, ಅದರಲ್ಲೂ ಪಾದ್ರಿ, ಮಗು ಕಳೆದುಕೊಂಡ ಹೆಂಡತಿಗೆ ಪ್ರಾರ್ಥನೆಯನ್ನಷ್ಟೇ ಹೇಳದೆ ಬರೆ ಎಂದದ್ದು ಸಣ್ಣ ಮಾತಲ್ಲ. ಆ ಒಂದು ಮಾತಿಗಾಗಿ ವಿಲಿಯಂ ಬಗ್ಗೆ ನನಗೆ ಗೌರವವಿದೆ (ಮುಂದೆ ಇನ್ನೊಂದು ಪ್ರಸಂಗದಲ್ಲಿ ಅದು ಸ್ವಲ್ಪ ಕಡಿಮೆಯಾಗುತ್ತದೆ).

ಬರೆಯುವುದಕ್ಕೆ ವಸ್ತು ಬಾಗಿಲಲ್ಲೇ ಇತ್ತು. 1842ರ ಚ್ಯಾಡ್ವಿಕ್ ವರದಿಯ ಪ್ರಕಾರ ಮ್ಯಾಂಚೆಸ್ಟರಿನ ಕೂಲಿಕಾರ ಕುಟುಂಬಗಳಲ್ಲಿ ಸಾಯುವಾಗಿನ ಸರಾಸರಿ ವಯಸ್ಸು 17. ಎಳೆಮಕ್ಕಳು ಅಷ್ಟೊಂದು ಸಾಯುತ್ತಿದ್ದುದರಿಂದ ಸರಾಸರಿ ಅಷ್ಟು ಕೆಳಗಿಳಿದಿತ್ತು. ಎಲಿಜಬೆತ್ ಆ ಮನೆಗಳಿಗೆ ಹೋಗಿ ಬರುತ್ತಿದ್ದರು. ಒಮ್ಮೆ ಸಮಾಧಾನ ಹೇಳುತ್ತಿದ್ದಾಗ ಒಬ್ಬ ಕೂಲಿಕಾರ ಅವರ ತೋಳನ್ನು ಬಿಗಿಯಾಗಿ ಹಿಡಿದು, ಹಸಿವಿನಿಂದ ಮಗು ಸಾಯುವುದನ್ನು ನೀವು ಎಂದಾದರೂ ಕಂಡಿದ್ದೀರಾ ಎಂದು ಕೇಳಿದ ಪ್ರಸಂಗವನ್ನು ಅವರ ಜೀವನಚರಿತ್ರೆ ಬರೆದವರು ಹೇಳುತ್ತಾರೆ.

ಹೀಗೆ ಹುಟ್ಟಿದ್ದು ‘ಮೇರಿ ಬಾರ್ಟನ್’. ಗಿರಣಿ ಕಾರ್ಮಿಕ ಜಾನ್ ಬಾರ್ಟನ್ನನ ಹೆಂಡತಿ ಮೊದಲ ಅಧ್ಯಾಯಗಳಲ್ಲೇ ಹೆರಿಗೆಯಲ್ಲಿ ಸಾಯುತ್ತಾಳೆ. ಅದಕ್ಕೂ ಮೊದಲು ಅವನ ಪುಟ್ಟ ಮಗ ಟಾಮ್ ಸತ್ತಿರುತ್ತಾನೆ, ವಿಲ್ಲಿಯನ್ನು ಕೊಂದ ಅದೇ ಕೆಂಪುಜ್ವರದಿಂದ. ಒಳ್ಳೆಯ ಆಹಾರ ಕೊಟ್ಟರೆ ಮಗು ಉಳಿದೀತೆಂದು ವೈದ್ಯರು ಹೇಳಿದ್ದಾರೆ, ಕೆಲಸ ಹೋದ ತಂದೆಯ ಕೈಯಲ್ಲಿ ಕಾಸಿಲ್ಲ. ಅಂಗಡಿಯ ಮುಂದೆ ಅವನು ನಿಂತಿರುವಾಗ ತನ್ನ ಹಳೆಯ ಮಾಲೀಕನ ಹೆಂಡತಿ ಔತಣಕ್ಕೆ ಬೇಕಾದದ್ದೆಲ್ಲ ಕೊಂಡು ಗಾಡಿ ಹತ್ತಿ ಹೋಗುತ್ತಾಳೆ. ಅವನು ಮನೆಗೆ ಬರುವಷ್ಟರಲ್ಲಿ ಮಗು ಹೆಣ. ತನ್ನ ಸಂಕಟವನ್ನು ಎಲಿಜಬೆತ್ ತನ್ನದೆಂದು ಬರೆಯಲಿಲ್ಲ, ಅದನ್ನು ತನಗಿಂತ ಬಡವನಾದ ಒಬ್ಬ ತಂದೆಗೆ ಕೊಟ್ಟರು. ತನ್ನ ಮಗುವಿಗೆ ಔಷಧ, ಆಹಾರ, ಆರೈಕೆ ಎಲ್ಲ ಇತ್ತು, ಆದರೂ ಉಳಿಯಲಿಲ್ಲ. ಏನೂ ಇಲ್ಲದವನ ಎದೆಯಲ್ಲಿ ಏನು ಉರಿದೀತು ಎಂಬ ಯೋಚನೆಯೇ ಆ ಕಾದಂಬರಿಯ ಬೇರು.

ಈಗ ನಾನು ಹೇಳಿದ ಲೆಕ್ಕಕ್ಕೆ ಬರೋಣ. ಕಾದಂಬರಿ ಶುರುವಾದಾಗ ಮೇರಿಯಾನ್‌ಗೆ ಹನ್ನೊಂದು, ಮೀಟಾಗೆ ಎಂಟು, ಫ್ಲಾರೆನ್ಸ್‌ಗೆ ಮೂರು. ಬರವಣಿಗೆ ನಡೆಯುತ್ತಿರುವಾಗಲೇ, 1846ರ ಸೆಪ್ಟೆಂಬರಿನಲ್ಲಿ, ಕೊನೆಯ ಮಗಳು ಜೂಲಿಯಾ ಹುಟ್ಟಿದಳು. ಅಂದರೆ ಬಸಿರು, ಬಾಣಂತನ, ಕಂಕುಳಲ್ಲಿ ಕೂಸು, ಎಲ್ಲದರ ನಡುವೆಯೇ ‘ಮೇರಿ ಬಾರ್ಟನ್’ ಬರೆದದ್ದು. ಮಕ್ಕಳು ಚಿಕ್ಕವರಿರುವಾಗ ತನ್ನಿಂದ ಬರೆಯಲು ಆಗುತ್ತಿರಲಿಲ್ಲ ಎಂದು 1862ರಲ್ಲಿ ಆ ಹುಡುಗಿಗೆ ಹೇಳಿದವರು ಇವರೇ! ಸುಳ್ಳು ಹೇಳಿದರು ಎನ್ನಲಾರೆ. ನಮಗೂ ಹಾಗೇ ಅಲ್ಲವೇ, ಮಕ್ಕಳು ಬೆಳೆದ ಮೇಲೆ ಆ ವರ್ಷಗಳೆಲ್ಲ ಒಂದೇ ಮುದ್ದೆಯಾಗಿ ಕಾಣುತ್ತವೆ. ಏನೂ ಮಾಡಲಾಗಲಿಲ್ಲ ಎಂಬ ದಣಿವಷ್ಟೇ ನೆನಪಿರುತ್ತದೆ, ಮಾಡಿದ್ದು ಮರೆತುಹೋಗುತ್ತದೆ.

ಇನ್ನೊಂದು ಮಾತನ್ನೂ ಹೇಳಿಬಿಡಬೇಕು, ಇಲ್ಲದಿದ್ದರೆ ನಮ್ಮ ಕಿರಿಯರಿಗೆ ಅನ್ಯಾಯವಾಗುತ್ತದೆ. ಗ್ಯಾಸ್ಕೆಲ್ ಮನೆಯಲ್ಲಿ ಆಳುಗಳಿದ್ದರು. ಆ್ಯನ್ ಹರ್ನ್ ಎಂಬಾಕೆ ಸುಮಾರು ಐವತ್ತು ವರ್ಷ ಆ ಮನೆಯಲ್ಲೇ ಇದ್ದು ಮನೆಯವರೇ ಆಗಿಹೋಗಿದ್ದರು. ಒಂದು ಕೋಣೆ-ಅಡುಗೆಮನೆಯ ಫ್ಲ್ಯಾಟಿನಲ್ಲಿ, ಕೆಲಸದವಳು ರಜೆ ಹಾಕಿದ ದಿನ, ಗಂಡ ಅಂಧೇರಿಯಿಂದ ಬರುವುದು ರಾತ್ರಿ ಒಂಬತ್ತಕ್ಕೆ ಎನ್ನುವ ಹೆಣ್ಣಿಗೆ ಗ್ಯಾಸ್ಕೆಲ್ ಉದಾಹರಣೆಯನ್ನು ಹಾಗೇ ಎತ್ತಿ ಕೊಡಲಾಗದು.

ಹಸ್ತಪ್ರತಿಯನ್ನು ಕೆಲವು ಪ್ರಕಾಶಕರು ಬೇಡವೆಂದ ಮೇಲೆ ಚಾಪ್‌ಮನ್ ಅಂಡ್ ಹಾಲ್ ಸಂಸ್ಥೆ ಹಕ್ಕುಗಳನ್ನೆಲ್ಲ ನೂರು ಪೌಂಡಿಗೆ ಕೊಂಡಿತು. ಲೇಖಕಿ ಇಟ್ಟ ಹೆಸರು ‘ಜಾನ್ ಬಾರ್ಟನ್’. ಪ್ರಕಾಶಕರು ಅದನ್ನು ಮಗಳ ಹೆಸರಿಗೆ ತಿರುಗಿಸಿದರು. 1848ರ ಅಕ್ಟೋಬರಿನಲ್ಲಿ ಲೇಖಕಿಯ ಹೆಸರಿಲ್ಲದೆ ಹೊರಬಂತು. ಗುಟ್ಟು ಬಹಳ ದಿನ ಉಳಿಯಲಿಲ್ಲ. ಗಿರಣಿ ಮಾಲೀಕರು ಕೆರಳಿದರು, ಅವರಲ್ಲಿ ಹಲವರು ವಿಲಿಯಂ ಪ್ರವಚನ ಕೇಳಲು ಬರುತ್ತಿದ್ದವರೇ. ಭಾನುವಾರ ಎದುರಿಗೆ ಕೂರುವ ಜನರನ್ನು ಎದುರು ಹಾಕಿಕೊಳ್ಳುವುದು ಎಷ್ಟು ಕಷ್ಟವೆಂದು ಸಂಘಸಂಸ್ಥೆಗಳಲ್ಲಿ ಓಡಾಡುವ ನಮಗೆ ತಿಳಿಯದೇ?

ಚಾರ್ಲ್ಸ್ ಡಿಕನ್ಸ್ ಮಾತ್ರ ಬಹಳ ಮೆಚ್ಚಿದರು. 1850ರಲ್ಲಿ ತಾವು ಆರಂಭಿಸಿದ ‘ಹೌಸ್‌ಹೋಲ್ಡ್ ವರ್ಡ್ಸ್’ ವಾರಪತ್ರಿಕೆಯ ಮೊದಲ ಸಂಚಿಕೆಗೇ ಎಲಿಜಬೆತ್ ಕತೆ ಬೇಕೆಂದು ತರಿಸಿಕೊಂಡರು. ಅದಕ್ಕೆ ಸಿಕ್ಕಿದ್ದು ಇಪ್ಪತ್ತು ಪೌಂಡು. ಆ ಹಣವನ್ನು ವಿಲಿಯಂ ಶಾಂತವಾಗಿ ತಮ್ಮ ಜೇಬಿಗೆ ಹಾಕಿ ಗುಂಡಿ ಹಾಕಿಕೊಂಡರೆಂದು ಎಲಿಜಬೆತ್ ಗೆಳತಿಗೆ ಬರೆದಿದ್ದಾರೆ, ಅರ್ಧ ನಗೆಯಲ್ಲಿ. ಆಗಿನ ಕಾನೂನಿನಲ್ಲಿ ಹೆಂಡತಿಯ ದುಡಿಮೆ ಗಂಡನ ಆಸ್ತಿ. ಅದು ಬದಲಾಗತೊಡಗಿದ್ದು 1870ರಿಂದ. ಕಾನೂನು ಏನೇ ಇರಲಿ, ಆ ಗುಂಡಿ ನನ್ನ ಮನಸ್ಸಿನಲ್ಲಿ ಕೂತುಬಿಟ್ಟಿದೆ.

ಅದೇ ವರ್ಷ ಪ್ಲಿಮತ್ ಗ್ರೋವ್ ಎಂಬಲ್ಲಿ ದೊಡ್ಡ ಮನೆಗೆ ಬಂದರು, ವರ್ಷಕ್ಕೆ 150 ಪೌಂಡು ಬಾಡಿಗೆ. ಅಷ್ಟೊಂದು ಬಡವರಿರುವ ಊರಿನಲ್ಲಿ ಇಷ್ಟು ಸುಖವೇ ಎಂದು ಅವರ ಮನಸ್ಸು ಹೊಯ್ದಾಡಿತು. ಅದೇ ಕಾಲದ ಪತ್ರವೊಂದರಲ್ಲಿ ತನ್ನೊಳಗೆ ಹಲವು ಜನರಿದ್ದಾರೆ, ಒಬ್ಬಳು ಧರ್ಮಭೀರು, ಒಬ್ಬಳು ಹೆಂಡತಿ ಮತ್ತು ತಾಯಿ, ಇನ್ನೊಬ್ಬಳಿಗೆ ಅಂದಚೆಂದದ ಆಸೆ, ಇವರನ್ನೆಲ್ಲ ಒಂದುಗೂಡಿಸುವುದು ಹೇಗೆಂಬ ಗೋಳನ್ನು ತೋಡಿಕೊಂಡಿದ್ದಾರೆ.

ಮನೆ ದೊಡ್ಡದಾದರೂ ಬರೆಯುತ್ತಿದ್ದುದು ಊಟದ ಕೋಣೆಯ ಮೇಜಿನ ಮೇಲೆ. ಗಂಡನಿಗೆ ಓದುವ ಕೋಣೆಯಿತ್ತು. ಯಾರು ಬೇಕಾದರೂ ಯಾವಾಗ ಬೇಕಾದರೂ ಬರಬಹುದಾದ ಜಾಗದಲ್ಲಿ ಇವರು. 1857ರಲ್ಲಿ ಅಮೆರಿಕದ ಸ್ನೇಹಿತ ಚಾರ್ಲ್ಸ್ ನಾರ್ಟನ್‌ಗೆ ಬರೆದ ಪತ್ರದಲ್ಲಿ ಒಂದು ಬೆಳಗಿನ ವರದಿಯಿದೆ. ತಿಂಡಿಯಾದ ಮೇಲೆ ಒಂದು ಗಂಟೆಯಲ್ಲಿ ನಡೆದದ್ದು: ಮಾಂಸ ಎಷ್ಟು ಹೊತ್ತು ಬೇಯಬೇಕೆಂದು ಹೇಳುವುದು, ಮ್ಯಾಂಚೆಸ್ಟರ್ ಹೊಗೆಯಲ್ಲಿ ಯಾವ ಹೂಗಿಡ ಬದುಕುತ್ತದೆಂದು ತೀರ್ಮಾನಿಸುವುದು, ಲಂಗದ ಉದ್ದ, ಮಕ್ಕಳ ಶಿಕ್ಷಕಿಯ ಸಂಬಳ, ಹೊರಗೆ ಹೊರಟ ಹೆಣ್ಣುಮಕ್ಕಳ ಉಡುಪಿನ ಇಪ್ಪತ್ತು ಪ್ರಶ್ನೆ, ಎರಡು ಬಡಕಲು ಹಸು ಮಾರಿ ಒಂದು ಒಳ್ಳೆಯ ಹಸು ತರುವ ವ್ಯವಹಾರ, ನೆರೆಯವರು ಕೊಟ್ಟ ಭಾರತದ ಸೈನ್ಯದ ಸ್ಥಿತಿಗತಿಯ ಪತ್ರಗಳನ್ನು ಓದಿ ಜಾಣ ಮಾತು ಸೇರಿಸಿ ಹಿಂತಿರುಗಿಸುವುದು (1857 ಅಲ್ಲವೇ, ಇಲ್ಲಿ ದಂಗೆಯ ವರ್ಷ), ಕತೆ ಬರೆದು ತಂದ ಒಬ್ಬ ಹೆಂಗಸಿಗೆ ನಿರಾಶೆಯ ಆದರೆ ಹಿತವಾದ ಸಲಹೆ ಕೊಡುವುದು. ಇಷ್ಟಾದರೂ ಗಡಿಯಾರದಲ್ಲಿ ಇನ್ನೂ ಹತ್ತೂವರೆ ಆಗಿರಲಿಲ್ಲ! ಈ ಪಟ್ಟಿ ಓದಿ ನಾನು ಗಟ್ಟಿಯಾಗಿ ನಕ್ಕಿದ್ದೆ. ನಗುವಿನ ಹಿಂದೆ ಬಾಗಿಲು ಹಾಕಿಕೊಳ್ಳಬಲ್ಲ ಗಂಡಸರ ಗ್ರಂಥಾಲಯದ ಬಗ್ಗೆ ಒಂದಿಷ್ಟು ಅಸೂಯೆಯೂ ಇದೆ, ಅದನ್ನವರು ಮುಚ್ಚಿಟ್ಟಿಲ್ಲ.

ಆ ಮೇಜಿನ ಮೇಲೆಯೇ ‘ಕ್ರ್ಯಾನ್‌ಫರ್ಡ್’, ‘ನಾರ್ತ್ ಅಂಡ್ ಸೌತ್’, ಗೆಳತಿ ಶಾರ್ಲಟ್ ಬ್ರಾಂಟೆಯ ಜೀವನಚರಿತ್ರೆ ಎಲ್ಲ ಬೆಳೆದವು. 1853ರ ‘ರೂತ್’ ಬಗ್ಗೆ ಮಾತ್ರ ಎರಡು ಮಾತು ಹೇಳಬೇಕು. ಮದುವೆಯಿಲ್ಲದೆ ತಾಯಿಯಾದ ಹೊಲಿಗೆ ಹುಡುಗಿಯ ಕತೆ ಅದು. ಮಗುವೇ ಅವಳಿಗೆ ಕಳಂಕವಾಗದೆ ಬದುಕುವ ಬಲವಾಗುತ್ತದೆ. ಅವರದೇ ಪ್ರಾರ್ಥನಾ ಮಂದಿರದ ಇಬ್ಬರು ಆ ಪುಸ್ತಕವನ್ನು ಸುಟ್ಟರು. ಹೆಂಡತಿಯರು ಅದನ್ನು ಮುಟ್ಟಕೂಡದೆಂದು ಅಪ್ಪಣೆ ಮಾಡಿದವರೂ ಇದ್ದರು. ಎಲಿಜಬೆತ್‌ಗೆ ಕಾಯಿಲೆ ಬೀಳುವಷ್ಟು ನೋವಾಯಿತು, ಆದರೆ ಬರೆದದ್ದನ್ನು ತಪ್ಪೆನ್ನಲಿಲ್ಲ. ಪಾದ್ರಿಯ ಹೆಂಡತಿ, ನಾಲ್ಕು ಹೆಣ್ಣುಮಕ್ಕಳ ತಾಯಿ ಅದನ್ನು ಬರೆದದ್ದೇ ಆಶ್ಚರ್ಯ. ತಾಯ್ತನ ಬಲ್ಲವಳಲ್ಲದಿದ್ದರೆ ಬರೆಯುತ್ತಲೂ ಇರಲಿಲ್ಲವೇನೋ.

ಆ ಬಾಣಂತಿಗೆ ಪತ್ರ ಬರೆದ 1862 ಮ್ಯಾಂಚೆಸ್ಟರಿಗೆ ಕೆಟ್ಟ ವರ್ಷ. ಅಮೆರಿಕದಲ್ಲಿ ಅಂತರ್ಯುದ್ಧವಾಗಿ ಹತ್ತಿ ಬರುವುದು ನಿಂತಿತ್ತು, ಗಿರಣಿಗಳು ಮುಚ್ಚಿದ್ದವು. ಅದೇ ಹೊತ್ತಿನಲ್ಲಿ ನಮ್ಮ ಧಾರವಾಡ, ಹುಬ್ಬಳ್ಳಿ, ಗದಗ ಕಡೆಯ ಹತ್ತಿಗೆ ಬಂಗಾರದ ಬೆಲೆ ಬಂದಿತ್ತು. ಆ ಹತ್ತಿಯನ್ನು ಹಡಗಿಗೆ ಹತ್ತಿಸಲು ಮ್ಯಾಂಚೆಸ್ಟರ್ ವ್ಯಾಪಾರಿಗಳ ಕಣ್ಣು ಕಾರವಾರ ಬಂದರಿನ ಮೇಲೆ ಬಿತ್ತು. ಉತ್ತರ ಕನ್ನಡ ಜಿಲ್ಲೆ ಮದ್ರಾಸಿನಿಂದ ಮುಂಬಯಿ ಪ್ರಾಂತಕ್ಕೆ ಸೇರಿದ್ದೂ 1862ರಲ್ಲೇ. ಒಂದು ಕಡೆಯ ಹಸಿವು ಇನ್ನೊಂದು ಕಡೆಯ ಸುಗ್ಗಿ. ಆ ಚಳಿಗಾಲವೆಲ್ಲ ಎಲಿಜಬೆತ್ ಮತ್ತು ಹೆಣ್ಣುಮಕ್ಕಳು ಕೆಲಸ ಕಳೆದುಕೊಂಡ ಗಿರಣಿ ಹುಡುಗಿಯರಿಗಾಗಿ ತೆರೆದ ಹೊಲಿಗೆ ಶಾಲೆಗಳಲ್ಲಿ, ಪರಿಹಾರದ ಕೆಲಸದಲ್ಲಿ ನಿತ್ರಾಣರಾಗುವವರೆಗೆ ದುಡಿದರು. ಬಟ್ಟೆ ನೆನೆಹಾಕುವ ಸಲಹೆಯ ಆ ಪತ್ರ ಇಂಥ ದಿನಗಳ ನಡುವೆ ಬರೆದದ್ದೆಂದು ತಿಳಿದ ಮೇಲೆ ನನಗೆ ಅವರ ಮೇಲಿದ್ದ ಸಿಟ್ಟು ಸ್ವಲ್ಪ ಇಳಿಯಿತು. ಅಪರಿಚಿತಳ ಕತೆಯನ್ನು ಓದಿ, ಅವಳ ದಣಿವನ್ನು ಊಹಿಸಿ, ಉದ್ದ ಉತ್ತರ ಬರೆಯಲು ಪುರುಸೊತ್ತು ಮಾಡಿಕೊಂಡರಲ್ಲ.

ಕೊನೆಯ ಕಾದಂಬರಿ ‘ವೈವ್ಸ್ ಅಂಡ್ ಡಾಟರ್ಸ್’ 1864ರಿಂದ ‘ಕಾರ್ನ್‌ಹಿಲ್’ ಮಾಸಪತ್ರಿಕೆಯಲ್ಲಿ ಧಾರಾವಾಹಿಯಾಯಿತು. ತಾಯಿಯಿಲ್ಲದ ಹುಡುಗಿಯೇ ಅದರ ನಾಯಕಿ. ಬರವಣಿಗೆಯ ದುಡಿಮೆಯನ್ನು ಈಗ ಎಲಿಜಬೆತ್ ಗಂಡನ ಜೇಬಿಗೆ ಬಿಡಲಿಲ್ಲ. ದಕ್ಷಿಣದ ಹ್ಯಾಂಪ್‌ಷರ್‌ನ ಹಾಲಿಬೋರ್ನ್ ಎಂಬ ಹಳ್ಳಿಯಲ್ಲಿ ಒಂದು ಮನೆ ಕೊಂಡರು, ವಿಲಿಯಂಗೆ ಸುಳಿವು ಕೊಡದೆ. ಅವರು ನಿವೃತ್ತರಾದಾಗ ಇದ್ದಕ್ಕಿದ್ದಂತೆ ಕೊಡುವ ಉಡುಗೊರೆ ಅದು, ಮುಂದೆ ಮದುವೆಯಾಗದ ಹೆಣ್ಣುಮಕ್ಕಳಿಗೂ ಒಂದು ಸೂರು. 1865ರ ನವೆಂಬರ್ 12, ಭಾನುವಾರ ಸಂಜೆ, ಆ ಮನೆಯಲ್ಲಿ ಹೆಣ್ಣುಮಕ್ಕಳ ಜೊತೆ ಚಹಾ ಕುಡಿಯುತ್ತ ಮಾತಾಡುತ್ತಿದ್ದವರು ಮಾತಿನ ನಡುವೆಯೇ ಕುಸಿದು ಪ್ರಾಣಬಿಟ್ಟರು. ಐವತ್ತೈದು ವರ್ಷ. ಕಾದಂಬರಿಯ ಕೊನೆಯ ಕಂತು ಬಾಕಿಯಿತ್ತು. ಮುಂದೆ ಏನಾಗಬೇಕಿತ್ತೆಂದು ಪತ್ರಿಕೆಯ ಸಂಪಾದಕರು ಒಂದು ಟಿಪ್ಪಣಿ ಬರೆದು ಮುಗಿಸಿದರು.

ಮೀಟಾ ಮತ್ತು ಜೂಲಿಯಾ ಮದುವೆಯಾಗದೆ ಪ್ಲಿಮತ್ ಗ್ರೋವ್ ಮನೆಯಲ್ಲೇ ಕೊನೆಯವರೆಗೆ ಇದ್ದರು. ಆ ಮನೆ ಈಗ ವಸ್ತುಸಂಗ್ರಹಾಲಯ. ಮೇರಿಯಾನ್ ತಾಯಿ ಸತ್ತ ಮರುವರ್ಷ ಮದುವೆಯಾದಳು. ಅವಳ ಆರು ತಿಂಗಳ ಮುಖ ನೋಡುತ್ತ ಅಮ್ಮ ಶುರುಮಾಡಿದ್ದ ದಿನಚರಿ ಕುಟುಂಬದಲ್ಲೇ ಜೋಪಾನವಾಗಿ ಉಳಿದು, 1923ರಲ್ಲಿ ಕೆಲವೇ ಪ್ರತಿಗಳಲ್ಲಿ ಅಚ್ಚಾಯಿತು. ನಮ್ಮ ಕಿರಿಯ ಗೆಳತಿಗೆ ಅದರ ಕತೆಯನ್ನು ಫೋನಿನಲ್ಲಿ ಹೇಳಿದೆ. ಮುಂದಿನ ಕಥಾವಾಚನದ ದಿನ ಅವಳ ಮಗುವನ್ನು ಎತ್ತಿಕೊಳ್ಳುವ ಸರದಿ ನನ್ನದು.